ಸಿಸ್ಟರ್ ಎಂದು ಕರೆದರೆ ಸಾಕೇ?



ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಮತ್ತಿಕೆರೆಯ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಮನೆಗೆ ಹೊರಟ ನರ್ಸುಗಳು ಒಂದು ಕಡೆ, ಸಮವಸ್ತ್ರ ತೊಟ್ಟು ರಾಮಯ್ಯ ಆಸ್ಪತ್ರೆಯತ್ತ ನಡೆದ ನರ್ಸಿಂಗ್ ವಿದ್ಯಾರ್ಥಿಗಳು ಇನ್ನೊಂದು ಕಡೆ. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳಲ್ಲಿಯೂ ಒಬ್ಬ ನರ್ಸ್ ಇದ್ದಾರೆ. ಆದರೂ ದೇಶದಲ್ಲಿ ನರ್ಸುಗಳು ಸಾಲದು ಎಂಬ ಮಾತು ಕೇಳುತ್ತಲೇ ಇದ್ದೇವೆ. ಇದು ಹೇಗೆ?

ನಮ್ಮ ನಗರಕ್ಕೆ ಈ ಸೇವೆ ಹೊಸದಲ್ಲ. ಗುಡ್ ಶೆಫರ್ಡ್ ಧರ್ಮಭಗಿನಿಯರು 1886ರಲ್ಲಿಯೇ ಸಂತ ಮಾರ್ತಾ ಆಸ್ಪತ್ರೆಯನ್ನು ಆರಂಭಿಸಿದರು. ಇಂದಿಗೂ ಜನರು ನರ್ಸನ್ನು 'ಸಿಸ್ಟರ್' ಎಂದೇ ಕರೆಯುತ್ತಾರೆ. ಹೆಸರಿನಲ್ಲಿ ಗೌರವವಿದೆ, ಬದುಕಿನಲ್ಲಿ ಅದು ಸಿಕ್ಕಿದೆಯೇ ಎಂಬುದೇ ಪ್ರಶ್ನೆ.

2022ರಲ್ಲಿ ಕೇಂದ್ರ ಸರ್ಕಾರ ನೀಡಿದ ಲೆಕ್ಕದಂತೆ ಭಾರತದಲ್ಲಿ ಸಾವಿರ ಜನರಿಗೆ 1.96 ನರ್ಸುಗಳಿದ್ದರು, ಮೂವರು ಬೇಕೆಂಬುದು ಸಾಮಾನ್ಯವಾಗಿ ಹೇಳುವ ಅಳತೆ. ಈ ಲೆಕ್ಕವೂ ನೋಂದಣಿ ಪುಸ್ತಕದ್ದು. ನೋಂದಾಯಿಸಿಕೊಂಡವರಲ್ಲಿ ವಿದೇಶಕ್ಕೆ ಹೋದವರು, ಮದುವೆಯ ನಂತರ ಕೆಲಸ ಬಿಟ್ಟವರು, ನಿವೃತ್ತರು ಎಲ್ಲರೂ ಸೇರಿರುತ್ತಾರೆ. ಆದ್ದರಿಂದ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಜವಾಗಿ ನಿಲ್ಲುವವರು ಇನ್ನೂ ಕಡಿಮೆ.

ಕಾರಣಗಳಲ್ಲಿ ಮೊದಲನೆಯದು ಕೆಲಸದ ಹೊರೆ. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿ ಹೊತ್ತು ಯಾವುದಾದರೂ ವಾರ್ಡಿಗೆ ಹೋಗಿ ಎಣಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಎರಡನೆಯದು ಸಂಬಳ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದೆಂದೂ, 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿಗೆ ಸಮನಾದ ಸಂಬಳ ಕೊಡಬೇಕೆಂದೂ ಶಿಫಾರಸು ಮಾಡಿತು. ಶಿಫಾರಸು ಬಂದರೂ ಜಾರಿ ಎಲ್ಲೆಡೆ ಆಗಲಿಲ್ಲ.

ಮೂರನೆಯದು ವಲಸೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಪ್ರಕಾರ 2023ರಲ್ಲಿ ಪ್ರಪಂಚದಲ್ಲಿ 58 ಲಕ್ಷ ನರ್ಸುಗಳ ಕೊರತೆಯಿತ್ತು. ಶ್ರೀಮಂತ ದೇಶಗಳು ತಮ್ಮ ಕೊರತೆಯನ್ನು ನಮ್ಮಂಥ ದೇಶಗಳಿಂದ ತುಂಬಿಕೊಳ್ಳುತ್ತವೆ. ಸಾಲ ಮಾಡಿ ಓದಿಸಿದ ಮಗಳು ಕೊಲ್ಲಿಗೋ ಇಂಗ್ಲೆಂಡಿಗೋ ಹೋಗಿ ಸಾಲ ತೀರಿಸಿದರೆ ಅವಳನ್ನು ದೂರುವಂತಿಲ್ಲ. ಆದರೆ ಅಲ್ಲಿ ಪರರ ತಂದೆತಾಯಿಯನ್ನು ನೋಡಿಕೊಳ್ಳುವ ಅವಳ ಸ್ವಂತ ತಂದೆತಾಯಿ ಇಲ್ಲಿ ಒಂಟಿ. ಇದು ನಮ್ಮ ಎಷ್ಟೋ ಕುಟುಂಬಗಳ ಕಥೆ.

ಕಾಲೇಜು ಹೆಚ್ಚಿಸಿದರೆ ಸಾಕೆಂದು ಹಲವರು ತಿಳಿಯುತ್ತಾರೆ. 2023ರಲ್ಲಿ ಕೇಂದ್ರ ಸರ್ಕಾರ 157 ಹೊಸ ನರ್ಸಿಂಗ್ ಕಾಲೇಜುಗಳಿಗೆ ಒಪ್ಪಿಗೆ ನೀಡಿತು, ಅದು ಒಳ್ಳೆಯದೇ. ಆದರೆ ಕೊಡದ ತಳ ತೂತಾಗಿದ್ದರೆ ಎಷ್ಟು ನೀರು ಸುರಿದರೂ ತುಂಬುವುದಿಲ್ಲ.

ಮಕ್ಕಳನ್ನು ನರ್ಸಿಂಗ್‌ಗೆ ಕಳುಹಿಸುವ ತಂದೆತಾಯಿಗಳಿಗೆ ಕೆಲವು ಮಾತು. ಕಾಲೇಜಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ, ಕಲಿಯಲು ಸಾಕಷ್ಟು ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂದು ಮೊದಲು ವಿಚಾರಿಸಿ. ಕೆಲಸಕ್ಕೆ ಸೇರುವಾಗ ಓದದೆ ಬಾಂಡಿಗೆ ಸಹಿ ಹಾಕಬೇಡಿ; ಮೂಲ ಅಂಕಪಟ್ಟಿಗಳನ್ನು ಒತ್ತೆ ಇಡಬೇಡಿ. ಗಂಡು ಮಕ್ಕಳಿಗೂ ಈ ವೃತ್ತಿ ತಕ್ಕುದೇ ಎಂಬುದನ್ನು ಮರೆಯಬೇಡಿ.

ಸಂತ ಲೂಕರ ಶುಭಸಂದೇಶದ ಸಮಾರಿಯದವನನ್ನು ನೆನೆಯೋಣ. ಗಾಯಾಳುವಿಗೆ ಎಣ್ಣೆ ಹಚ್ಚಿ ಕಟ್ಟು ಕಟ್ಟಿದ್ದನ್ನು ನಾವೆಲ್ಲರೂ ಬಲ್ಲೆವು. ಆದರೆ ಮರುದಿನ ಅವನು ಛತ್ರದವನ ಕೈಗೆ ಹಣ ಕೊಟ್ಟ. ಹೆಚ್ಚಾದರೆ ಅದನ್ನೂ ಕೊಡುವೆನೆಂದ. ಆರೈಕೆ ಮಾಡುವವನಿಗೂ ಹೊಟ್ಟೆಯಿದೆ ಎಂಬುದನ್ನು ಅವನು ಮರೆಯಲಿಲ್ಲ. ಸೇವೆಯ ಹೆಸರಿನಲ್ಲಿ ಕೂಲಿ ಕಡಿತ ಮಾಡುವುದು ಸೇವೆಯಲ್ಲ. ನಮ್ಮ ಆಸ್ಪತ್ರೆಗಳೂ, ಬಂಧುವಿನ ಹಾಸಿಗೆಯ ಪಕ್ಕ ಕುಳಿತು ಸಿಸ್ಟರನ್ನು ಗದರುವ ನಾವೂ ಇದನ್ನು ಮನಸ್ಸಿಗೆ ತಂದುಕೊಳ್ಳೋಣ.