ಎಗರ್: ಮಸೀದಿ ಇಲ್ಲದ ಮಿನಾರ್
ಈ ಮಿನಾರ್ ನೋಡಿ. 40 ಮೀಟರ್ ಎತ್ತರ, ಪಕ್ಕದಲ್ಲಿ ಮಸೀದಿಯೇ ಇಲ್ಲ! ಇದು ಹಂಗೇರಿಯ ಎಗರ್. 1552ರಲ್ಲಿ ಸೇನಾನಿ ಇಷ್ತ್ವಾನ್ ದೋಬೋ ಸುಮಾರು 2,000 ಜನರನ್ನು ಕಟ್ಟಿಕೊಂಡು ಒಟ್ಟೊಮನ್ ಸೈನ್ಯವನ್ನು ಇಲ್ಲಿನ ಕೋಟೆಯಿಂದ ಹಿಮ್ಮೆಟ್ಟಿಸಿದ. ಆದರೆ 1596ರಲ್ಲಿ ಕೋಟೆ ಕೈತಪ್ಪಿತು. ಮುಂದೆ 91 ವರ್ಷ ತುರ್ಕರದ್ದೇ ಆಡಳಿತ. ಆಗ ಕಟ್ಟಿದ ಮಸೀದಿಯನ್ನು ಆಮೇಲೆ ಕೆಡವಿದರು, ಮಿನಾರ್ ಉಳಿಯಿತು.

ಒಳಗೆ 97 ಮೆಟ್ಟಿಲು. ಸುರುಳಿ ದಾರಿ ಎಷ್ಟು ಇಕ್ಕಟ್ಟು ಅಂದರೆ, ಎದುರಿಗೆ ಯಾರಾದರೂ ಇಳಿದು ಬಂದರೆ ಭುಜ ಓರೆ ಮಾಡಿದರೂ ಕಷ್ಟ. ಹೊಟ್ಟೆ ಬಂದವರು ಕೆಳಗೇ ನಿಂತು ಫೋಟೋ ತೆಗೆಯೋದು ವಾಸಿ! ಮೇಲಿಂದ ಕೆಂಪು ಹೆಂಚಿನ ಇಡೀ ಊರು ಕಾಣುತ್ತೆ.

ಕಾಲು ನೋವಾ? ಹತ್ತಿರದ ಎಗರ್‌ಸಲೋಕ್‌ಗೆ ಹೋಗಿ. 1961ರಲ್ಲಿ ಕೊರೆದ ಬಾವಿಯ ಬಿಸಿನೀರು ಹರಿದು ಹರಿದು, ಸುಣ್ಣ ಕಟ್ಟಿ, ಬಿಳಿ ಗುಡ್ಡವೇ ಎದ್ದಿದೆ. ಪಕ್ಕದಲ್ಲೇ ಬಿಸಿನೀರಿನ ಕೊಳಗಳಿವೆ, ಈಜುಡುಗೆ ಮರೆಯಬೇಡಿ.