ಕುದುರೆಯ ಮುರಿದ ಮಂಡಿ

ಸುರಪುರವನ್ನು ಬಲ್ಲವರಿಗೆ ಆ ಊರಿನ ಏರಿಳಿತಗಳನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಸುತ್ತಲೂ ಬಂಡೆಗಲ್ಲಿನ ಗುಡ್ಡಗಳು, ನಡುವೆ ನಾಯಕ ಅರಸರ ಅರಮನೆ, ಎತ್ತರದಲ್ಲಿ ಮೆಡೋಸ್ ಟೇಲರ್ ಸಾಹೇಬನ ಬಂಗಲೆ. 1841ರಿಂದ 1853ರವರೆಗೆ ಆತ ಇಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡಾಗ ಅಧಿಕಾರಿಗಳ ಸಂಚಾರವೆಲ್ಲ ಕುದುರೆ, ಮೇಣೆಗಳ ಮೇಲೆಯೇ. ಯಾದಗಿರಿ ಶಹಾಪುರಗಳ ಸೀಮೆಯಲ್ಲಿ ಕುದುರೆಗೆ ಇಂದಿಗೂ ಮನ್ನಣೆಯಿದೆ. ಮೈಲಾಪುರದ ಮಲ್ಲಯ್ಯನ ವಾಹನವೇ ಅದಲ್ಲವೆ? ಆದರೆ ಹೊಟ್ಟೆಪಾಡಿಗಾಗಿ ಅದನ್ನು ಸಾಕುವವರು ಈಗ ವಿರಳ. ಮದುವೆಯ ಮೆರವಣಿಗೆಗೋ ಗಾಡಿಗೋ ಹೂಡುವ ಒಂದೇ ಪ್ರಾಣಿಯ ಮೇಲೆ ಅವರ ಸಂಸಾರ ನಿಂತಿರುತ್ತದೆ.

ಅಂಥ ಕುದುರೆಯೊಂದು ಇಳಿಜಾರಿನಲ್ಲಿ ಮುಗ್ಗರಿಸಿ ಮುಂಗಾಲಿನ ಮಂಡಿಯನ್ನು ಮುರಿದುಕೊಂಡಿತೆನ್ನಿ. ನಾವು ಮಂಡಿಯೆನ್ನುವ ಆ ಕೀಲು ವಾಸ್ತವವಾಗಿ ನಮ್ಮ ಮಣಿಕಟ್ಟಿಗೆ ಸಮಾನವಾದುದು. ಏಳೆಂಟು ಕಿರುಮೂಳೆಗಳು ಎರಡು ಸಾಲಾಗಿ ಅಲ್ಲಿ ಜೋಡಿಸಿಕೊಂಡಿವೆ. ನಾಲ್ಕೈದು ನೂರು ಕಿಲೋ ತೂಗುವ ದೇಹದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಮುಂಗಾಲುಗಳ ಮೇಲೆ. ಅಂಚು ಮಾತ್ರ ಚಕ್ಕೆಯೆದ್ದಿದ್ದರೆ ಅದು ಬೇರೆ ಮಾತು. ಸಾಲುಗಳೇ ಚೂರಾಗಿ ಕಾಲು ಕುಸಿದರೆ ಬಹು ಕಷ್ಟ.

ಕುದುರೆಯ ಮೂಳೆ ಕೂಡುವುದಿಲ್ಲವೆಂಬ ಮಾತು ಜನರಲ್ಲಿದೆ. ಅದು ಸರಿಯಲ್ಲ. ಮೂಳೆ ಕೂಡುತ್ತದೆ; ಕೂಡುವತನಕ ಕುದುರೆ ಮಲಗಿರಲಾರದು, ತೊಂದರೆ ಅಲ್ಲಿದೆ. ನಿಂತೇ ಇರುವ ಪ್ರಾಣಿ, ನೋವಿನ ಕಾಲನ್ನೆತ್ತಿ ಭಾರವನ್ನೆಲ್ಲ ಜೊತೆಗಾಲಿಗೆ ಕೊಡುತ್ತದೆ. ದಿನಗಳು ಕಳೆದಂತೆ ಆ ಒಳ್ಳೆಯ ಕಾಲಿನ ಗೊರಸಿನೊಳಗೆ ಉರಿಯೂತವೆದ್ದು, ಗೊರಸು ಎಲುಬಿನಿಂದ ಬಿಡತೊಡಗುತ್ತದೆ. ಮುರಿದ ಕಾಲು ವಾಸಿಯಾಗುತ್ತಿರುವಾಗ ಮುರಿಯದ ಕಾಲಿನಿಂದಲೇ ಕುದುರೆಯನ್ನು ಕಳೆದುಕೊಂಡವರುಂಟು.

ಆದುದರಿಂದ ಮೊದಲ ಗಳಿಗೆಯೇ ಮುಖ್ಯ. ಎಣ್ಣೆ ಹಚ್ಚಿ ನೀವುವುದು, ಎಳೆದು ಕೂಡಿಸುವುದು, ನಾಲ್ಕು ಹೆಜ್ಜೆ ನಡೆಸಿ ನೋಡುವುದು ಸಲ್ಲದು. ಹತ್ತಿಯನ್ನು ಪದರ ಪದರವಾಗಿ ಸುತ್ತಿ, ಪ್ರತಿ ಪದರವನ್ನೂ ಬಟ್ಟೆಯಿಂದ ಬಿಗಿದು, ಕಾಲು ಕಂಬದಂತಾದ ಮೇಲೆ ಹಿಂಬದಿಗೂ ಹೊರಬದಿಗೂ ನೆಲದಿಂದ ಮೊಣಕೈವರೆಗೆ ಗಟ್ಟಿಯಾದ ದಬ್ಬೆಗಳನ್ನು ಕಟ್ಟಬೇಕು. ಗಾಯವಿದ್ದರೆ ಧನುರ್ವಾಯುವಿನ ಚುಚ್ಚುಮದ್ದು ತಪ್ಪಿಸಬಾರದು. ಆ ರೋಗಕ್ಕೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವ ಸಾಕುಪ್ರಾಣಿ ಮತ್ತೊಂದಿಲ್ಲ. ವಾಹನದಲ್ಲಿ ಸಾಗಿಸುವಾಗ ಮುಖ ಹಿಂದಕ್ಕಿರಲಿ: ಬ್ರೇಕು ಹಾಕಿದಾಗ ಭಾರ ಹಿಂಗಾಲುಗಳ ಮೇಲೆ ಬೀಳುತ್ತದೆ. ನೋವನ್ನು ಪೂರ್ತಿ ಅಡಗಿಸುವ ಔಷಧವೂ ಹಿತವಲ್ಲ. ನೋವಿಲ್ಲವೆಂದು ಕುದುರೆ ಕಾಲೂರಿಬಿಡುತ್ತದೆ!

ಚಾಲುಕ್ಯ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿಯೇ ಕನ್ನಡದಲ್ಲಿ 'ಗೋವೈದ್ಯ'ವನ್ನು ಬರೆದ. ಅಶ್ವಕ್ಕೆ ಶಾಲಿಹೋತ್ರನ ಹೆಸರಿನ ಸಂಸ್ಕೃತ ಶಾಸ್ತ್ರವಿದೆ. ಆದರೆ ಕೀಲಿನೊಳಕ್ಕೆ ಇಣಿಕುವ ಕಣ್ಣು ವೈದ್ಯರಿಗೆ ದೊರೆತದ್ದು 1895ರಲ್ಲಿ ರಾಂಟ್ಜೆನ್ ಕ್ಷಕಿರಣವನ್ನು ಕಂಡ ಮೇಲೆ. ಇಂದು ಸೀಳಿದ ಮೂಳೆಯನ್ನು ತಿರುಪಿನಿಂದ ಬಿಗಿಯುತ್ತಾರೆ. ತೀರ ಚೂರಾಗಿದ್ದರೆ ಉಕ್ಕಿನ ಪಟ್ಟಿಗಳನ್ನಿಟ್ಟು ಇಡೀ ಕೀಲನ್ನೇ ಒಂದು ಎಲುಬಾಗಿ ಬೆಸೆಯುತ್ತಾರೆ. ಇಷ್ಟಾದರೂ ಮಂಪರು ತಿಳಿದು ತಡಬಡಿಸಿ ಏಳುವ ಕ್ಷಣದಲ್ಲಿ ಎಲ್ಲವೂ ಮತ್ತೆ ಮುರಿಯಬಹುದು.

ತಾಲ್ಲೂಕಿನ ಪಶುಚಿಕಿತ್ಸಾಲಯ ಕಟ್ಟು ಕಟ್ಟಬಹುದು, ಇಂಥ ಶಸ್ತ್ರಕ್ರಿಯೆ ಅಲ್ಲಿಯದಲ್ಲ. ಬೀದರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವಿದೆ; ಸುರಪುರದಿಂದ ಅಲ್ಲಿಗೆ ಕಲಬುರಗಿಯನ್ನು ದಾಟಿ ಹೋಗಬೇಕು. ಖರ್ಚು ಕುದುರೆಯ ಬೆಲೆಯನ್ನು ಮೀರಿದರೆ ಆಶ್ಚರ್ಯವಿಲ್ಲ. ಆಗ ವೈದ್ಯರು ದಯಾಮರಣದ ಮಾತೆತ್ತಿದರೆ ಅವರನ್ನು ನಿರ್ದಯರೆನ್ನಲಾಗದು. ಬಾಧೆಯನ್ನು ವಾರಗಟ್ಟಲೆ ಬೆಳೆಸುವುದೇ ನಿರ್ದಯೆ.

ಬದುಕಿದ ಕುದುರೆಯಾದರೂ ಮಂಡಿ ಮಡಚದೆ ನಡೆಯುತ್ತದೆ, ಹುಲ್ಲು ಮೇಯುತ್ತದೆ. ಗಾಡಿ ಎಳೆಯದು, ಮೆರವಣಿಗೆಯಲ್ಲಿ ಕುಣಿಯದು. ದುಡಿಯದ ಕುದುರೆಗೂ ದಿನದ ಹುರುಳಿ, ಹುಲ್ಲು ಬೇಕು. ಹೆಣ್ಣಾದರೆ ಮರಿಯ ಆಸೆಯಿಂದ ಒಡೆಯ ಸಾಲ ಮಾಡಿಯಾದರೂ ಉಳಿಸಿಕೊಂಡಾನು. ಗಂಡಾದರೆ ಆ ಮಾತೂ ಇಲ್ಲ.