ಸದ್ದಿಲ್ಲದ ಸೀಮೆಗೆ ಬಂದ ಸಂಶೋಧಕರು

ಮಂಡಿಕಲ್ಲಿನ ನೆಂಟರ ಮನೆಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗಿಯೊಬ್ಬಳು ಕಾಲೇಜೊಂದರ ಕೈಪಿಡಿ ಹಿಡಿದು ನನ್ನ ಪಕ್ಕ ಬಂದು ಕೂತಳು. ಪ್ರಾಧ್ಯಾಪಕರ ಫೋಟೊ, ಅದರ ಕೆಳಗೆ ಹೆಸರು, ಓದಿದ್ದು ಎಲ್ಲಿ, ಎಷ್ಟು ವರ್ಷದ ಸರ್ವೀಸು, ಕೊನೆಗೆ ‘ಸಂಶೋಧನಾ ಆಸಕ್ತಿ’ ಅಂತ ಒಂದು ಸಾಲು. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು: “ಇದನ್ನ ಅವರಿಗೆ ಯಾರು ಕೊಡ್ತಾರೆ?”

ಯಾರೂ ಕೊಡಲ್ಲಮ್ಮ, ಅವರೇ ಹುಡುಕಿಕೋಬೇಕು ಅಂದೆ. ಆ ಮಾತು ಅವಳಿಗೂ ಸಾಲಲಿಲ್ಲ, ನನಗೂ ಸಾಲಲಿಲ್ಲ. ಆಮೇಲೆ ಯೋಚಿಸಿದರೆ, ಉತ್ತರ ಅವಳ ಮನೆಯ ಸುತ್ತಮುತ್ತಲೇ ಇತ್ತು.

ನಮ್ಮದು ನದಿಗಳು ಹುಟ್ಟುವ ಸೀಮೆ. ನಂದಿಬೆಟ್ಟದ ಸಾಲಿನಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ಹೊರಡುತ್ತವೆ. ಹೊರಟ ಮೇಲೆ ನೀರು ನಮಗೆ ದಕ್ಕುವುದಿಲ್ಲ. ಇಲ್ಲಿಯ ಓದಿದ ಮಕ್ಕಳೂ ಹಾಗೆಯೇ ಹೊರಟವರು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕಥೆ ಎಲ್ಲರಿಗೂ ಗೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಹೈಸ್ಕೂಲಿಗೆ ಸೇರಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದಿ, ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟರಾಗಿ, ಅಮೆರಿಕದ ಓಹಿಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಕಾಲೇಜಿನ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಬದುಕು ಮುಗಿಸಿದ ಆ ಮನುಷ್ಯ ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜು ತಂದುಕೊಟ್ಟರು. ಅವರ ಬಗ್ಗೆ ನಮ್ಮ ಕಡೆ ಎಲ್ಲರೂ ಹೆಮ್ಮೆಯಿಂದ ಮಾತಾಡುತ್ತಾರೆ, ಮಾತಾಡಬೇಕು.

ಇಲ್ಲಿಂದ ಹೊರಟವರ ಕಥೆ ನಾವು ಬೇಕಾದಷ್ಟು ಹೇಳಿದ್ದೇವೆ. ಇಲ್ಲಿಗೆ ಬಂದವರ ಕಥೆ ಹೇಳಿದ್ದು ಕಡಿಮೆ. ದೊಡ್ಡ ದೊಡ್ಡ ಸಂಸ್ಥೆಗಳ ವಿಜ್ಞಾನಿಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಈ ಬರದ ನಾಡನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಇಲ್ಲಿ ಏನಿದೆ ಅಂತಲ್ಲ, ಏನಿಲ್ಲ ಅಂತ ನೋಡಿ ಬಂದವರು ಅವರು.

ಮೊದಲು ಬಂದವರು ನೆಲಕ್ಕೆ ಕಿವಿಯಿಟ್ಟರು. 1965ರ ಸುಮಾರಿಗೆ ಈಗಿನ ಭಾಭಾ ಅಣು ಸಂಶೋಧನಾ ಕೇಂದ್ರದವರು ಬ್ರಿಟಿಷ್ ವಿಜ್ಞಾನಿಗಳ ಸಹಯೋಗದಲ್ಲಿ ಗೌರಿಬಿದನೂರಿನಲ್ಲಿ ಭೂಕಂಪನ ಮಾಪಕಗಳ ಸಾಲು ಹೂಡಿದರು. ಇಪ್ಪತ್ತು ಮಾಪಕಗಳು, ಇಂಗ್ಲಿಷಿನ ‘ಎಲ್’ ಅಕ್ಷರದ ಹಾಗೆ ಎರಡು ದಿಕ್ಕಿಗೆ ಕಿಲೋಮೀಟರುಗಟ್ಟಲೆ ಚಾಚಿಕೊಂಡಿವೆ. ಜಗತ್ತಿನ ಯಾವ ಮೂಲೆಯಲ್ಲಿ ಯಾರು ನೆಲದಡಿ ಅಣುಬಾಂಬು ಸಿಡಿಸಿದರೂ ಅದರ ನಡುಕ ಇಲ್ಲಿ ದಾಖಲಾಗಬೇಕು, ಅದು ಬಾಂಬೋ ಭೂಕಂಪವೋ ಅಂತ ಬಿಡಿಸಿ ಹೇಳಬೇಕು. ಬೋರ್‌ವೆಲ್ ಕೊರೆಸುವವನ ಹೊಟ್ಟೆಗೆ ಬೆಂಕಿ ಹಚ್ಚುವ ನಮ್ಮ ಗಟ್ಟಿ ಬಂಡೆ ಅವರಿಗೆ ವರವಾಯಿತು. ಆ ಬಂಡೆ ಕಂಪನವನ್ನು ಕಲಕದೆ ಹಾಗೇ ದಾಟಿಸುತ್ತದೆ.

ಎರಡನೆಯವರು ಆಕಾಶಕ್ಕೆ ಕಿವಿಯಿಟ್ಟವರು. ಗೌರಿಬಿದನೂರು ರೇಡಿಯೊ ವೀಕ್ಷಣಾಲಯಕ್ಕೆ ಹೋದವರು ಗುಮ್ಮಟವನ್ನೋ ದೊಡ್ಡ ಬೋಗುಣಿಯನ್ನೋ ಹುಡುಕಿದರೆ ನಿರಾಸೆಯಾಗುತ್ತದೆ. ಅಲ್ಲಿರುವುದು ಬಯಲು, ಬಯಲಿನಲ್ಲಿ ಸಾಲುಗಂಬ, ಕಂಬಗಳಿಗೆ ತಂತಿ. ಬಟ್ಟೆ ಒಣಹಾಕಲು ಕಟ್ಟಿದ ಹಾಗೆ ಕಾಣುವ ಆ ತಂತಿಗಳೇ ದೂರದರ್ಶಕ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ ಈ ದೂರದರ್ಶಕದ ಕೆಲಸವನ್ನು ಮುಂದೆ ನಿಂತು ನಡೆಸಿದವರು ಸಿ.ಎಚ್.ವಿ. ಶಾಸ್ತ್ರಿ. ಪೂರ್ವ–ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದದ ತೋಳಿನಲ್ಲಿ 640 ಡೈಪೋಲ್ ಆಂಟೆನಾಗಳು, ದಕ್ಷಿಣಕ್ಕೆ ಇಳಿದ 450 ಮೀಟರಿನ ತೋಳಿನಲ್ಲಿ 360. ಒಟ್ಟು ಸಾವಿರ. ಮೇಲಿಂದ ನೋಡಿದರೆ ‘ಟಿ’ ಆಕಾರ.

ಇದನ್ನು ಕಟ್ಟಿದ್ದು 34.5 ಮೆಗಾಹರ್ಟ್ಸ್ ಅಲೆಯನ್ನು ಕೇಳಲು. ಎಫ್‌ಎಂ ರೇಡಿಯೊ 88ರಿಂದ ಶುರುವಾಗುತ್ತದೆ, ಇದು ಅದಕ್ಕಿಂತ ಎಷ್ಟೋ ಕೆಳಗಿನ ಸ್ವರ. ಒಂದು ಅಲೆಯ ಉದ್ದ ಎಂಟೂ ಮುಕ್ಕಾಲು ಮೀಟರಿನಷ್ಟು, ಅಂದರೆ ನಮ್ಮ ಹಳ್ಳಿಯ ಒಂದು ಸಣ್ಣ ಮನೆಯ ಉದ್ದ. ಅಷ್ಟು ಉದ್ದದ ಅಲೆಯನ್ನು ಹಿಡಿಯಲು ನುಣುಪು ಕನ್ನಡಿ ಬೇಕಿಲ್ಲ, ತಂತಿ ಸಾಕು. ಜಾಗ ಮಾತ್ರ ಬಹಳ ಬೇಕು, ಸುತ್ತ ಸದ್ದಿರಬಾರದು. ಸದ್ದೆಂದರೆ ಕಿವಿಗೆ ಕೇಳುವುದಲ್ಲ. ಕಾರ್ಖಾನೆಯ ಮೋಟಾರು, ವೆಲ್ಡಿಂಗ್ ಕಿಡಿ, ಟ್ರಾನ್ಸ್‌ಮಿಟರು, ಇವೆಲ್ಲ ರೇಡಿಯೊ ಸದ್ದು. ಗುಡ್ಡಗಳ ಮರೆಯಲ್ಲಿ, ಬೆಂಗಳೂರಿನಿಂದ ದೂರದಲ್ಲಿ, ಕೈಗಾರಿಕೆ ಇಲ್ಲದ ಊರು ಅವರಿಗೆ ಬೇಕಿತ್ತು. ನಮ್ಮ ಕೊರತೆ ಅಂತ ನಾವು ಅರ್ಜಿ ಬರೆಯುತ್ತಿದ್ದ ಸಂಗತಿಯೇ ಅವರ ಕೆಲಸಕ್ಕೆ ಬಂಡವಾಳವಾಯಿತು.

ಈ ದೂರದರ್ಶಕವನ್ನು ತಿರುಗಿಸಬೇಕಿಲ್ಲ. ಭೂಮಿ ತಾನೇ ತಿರುಗುತ್ತದೆ, ಆಕಾಶ ತಂತಿಗಳ ಮೇಲೆ ಹಾದುಹೋಗುತ್ತದೆ. ಹಾಗೆ ಹಾದುಹೋದ ಆಕಾಶವನ್ನು ರಾತ್ರಿಯ ಮೇಲೆ ರಾತ್ರಿ ಬರೆದುಕೊಂಡು ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 1990ರಲ್ಲಿ ಒಂದು ನಕ್ಷೆ ಪ್ರಕಟಿಸಿದರು. ಅಷ್ಟು ಕೆಳಗಿನ ಕಂಪನಾಂಕದಲ್ಲಿ ಆಕಾಶದ ಬಹುಪಾಲನ್ನು ಒಳಗೊಂಡ ನಕ್ಷೆಗಳು ಲೋಕದಲ್ಲೇ ಬೆರಳೆಣಿಕೆಯಷ್ಟು. ಉದಯಶಂಕರ್ ಅವರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1997ರಲ್ಲಿ ಅದೇ ಬಯಲಿಗೆ ಸೂರ್ಯನಿಗಾಗಿಯೇ ಇನ್ನೊಂದು ಆಂಟೆನಾ ಸಾಲು ಬಂತು, ಗೌರಿಬಿದನೂರು ರೇಡಿಯೊ ಹೀಲಿಯೊಗ್ರಾಫ್. ಸೂರ್ಯನ ಸುತ್ತ ಕರೋನಾ ಎಂಬ ಪ್ರಭೆಯಿದೆ. ಕಣ್ಣಿಗೆ ಕಾಣುವ ಸೂರ್ಯನ ಮೈ ಐದೂವರೆ ಸಾವಿರ ಡಿಗ್ರಿ, ಅದರ ಹೊರಗಿನ ಈ ಪ್ರಭೆ ಹತ್ತು ಲಕ್ಷ ಡಿಗ್ರಿ. ಬರಿಗಣ್ಣಿಗೆ ಅದು ಖಗ್ರಾಸ ಗ್ರಹಣದ ನಿಮಿಷಗಳಲ್ಲಿ ಮಾತ್ರ ಸಿಗುತ್ತದೆ. ರೇಡಿಯೊದಲ್ಲಿ ಹಾಗಲ್ಲ. ಪ್ರಭೆಯ ಒಂದೊಂದು ಪದರದಿಂದ ಒಂದೊಂದು ಕಂಪನಾಂಕ ಹೊರಡುತ್ತದೆ, ಪದರ ಮೇಲೆ ಹೋದಷ್ಟೂ ಸ್ವರ ಕೆಳಗಿಳಿಯುತ್ತದೆ. ಹಾಗಾಗಿ ಸ್ವರ ಬದಲಿಸಿ ಕೇಳಿದರೆ ಪ್ರಭೆಯ ಬೇರೆ ಬೇರೆ ಎತ್ತರ ಕಾಣುತ್ತದೆ. ದಿನವೂ ನಡುಹಗಲಿನ ಆಸುಪಾಸಿನಲ್ಲಿ, ನಮ್ಮ ಕಡೆಯವರು ಮುದ್ದೆ ಉಂಡು ನೆರಳಿಗೆ ಒರಗುವ ಹೊತ್ತಿಗೆ, ಈ ಬಯಲು ಗ್ರಹಣವಿಲ್ಲದೆ ಕರೋನಾ ನೋಡುತ್ತಿರುತ್ತದೆ. ಇಲ್ಲಿ ವರ್ಷಗಳಿಂದ ಸೂರ್ಯನ ರೇಡಿಯೊ ಅಲೆಗಳ ಮೇಲೆ ಕೆಲಸ ಮಾಡಿಕೊಂಡು ಬಂದ ಆರ್. ರಮೇಶ್ ಅವರೇ 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಕರೋನಾಗ್ರಾಫ್ ಉಪಕರಣದ ಪ್ರಧಾನ ವಿಜ್ಞಾನಿ. ಹದಿನೈದು ಲಕ್ಷ ಕಿಲೋಮೀಟರ್ ಆಚೆ ನಿಂತು ಆ ಉಪಕರಣ ನೋಡುವುದೂ ಗೌರಿಬಿದನೂರಿನ ತಂತಿ ಕೇಳುವುದೂ ಒಂದೇ ಕರೋನಾ.

ಇನ್ನು ನಮ್ಮ ಜಿಲ್ಲೆಯ ಕೆರೆಯ ಕಥೆ. ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಇದೇ.

2018ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಜಡ್ ಬೋಮನ್ ಮತ್ತು ಸಂಗಡಿಗರು ಒಂದು ದೊಡ್ಡ ಸುದ್ದಿ ಹೇಳಿದರು. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ನೆಲದ ಮೇಲಿಟ್ಟ ‘ಎಡ್ಜಸ್’ ಎಂಬ ಆಂಟೆನಾಕ್ಕೆ ವಿಶ್ವದ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಸಿಕ್ಕಿದೆ ಅಂತ. 78 ಮೆಗಾಹರ್ಟ್ಸ್ ಸುತ್ತ ಆಕಾಶದ ರೇಡಿಯೊ ಬೆಳಕಿನಲ್ಲಿ ಒಂದು ತಗ್ಗು. ಆ ತಗ್ಗು ಸಿದ್ಧಾಂತ ಹೇಳಿದ್ದಕ್ಕಿಂತ ಎರಡು ಪಟ್ಟು ಆಳವಿತ್ತು. ಅದು ನಿಜವಾದರೆ ಭೌತವಿಜ್ಞಾನದ ಪುಸ್ತಕವನ್ನೇ ತಿದ್ದಬೇಕಾಗುತ್ತಿತ್ತು. ಲೋಕದ ತುಂಬ ಹೊಸ ಹೊಸ ವಿವರಣೆಗಳು ಹುಟ್ಟಿಕೊಂಡವು.

ರಾಮನ್ ಸಂಶೋಧನಾ ಸಂಸ್ಥೆಯ ತಂಡಕ್ಕೆ ಬೇರೆಯೇ ಪ್ರಶ್ನೆಯಿತ್ತು. ಆಂಟೆನಾ ಕೂತಿದ್ದ ನೆಲ ಎಂಥದ್ದು? ಮಣ್ಣೆಂದರೆ ಪದರ ಪದರ. ಮೇಲೆ ಒಣ, ಕೆಳಗೆ ತೇವ, ಅದರ ಕೆಳಗೆ ಕಲ್ಲು. ಒಂದೊಂದು ಪದರವೂ ರೇಡಿಯೊ ಅಲೆಯನ್ನು ಒಂದೊಂದು ಥರ ಹಿಂದಕ್ಕೆ ಕಳಿಸಿ ಲೆಕ್ಕ ಕೆಡಿಸುತ್ತದೆ. ಆಕಾಶದ ಹಿನ್ನೆಲೆಯ ಗದ್ದಲದಲ್ಲಿ ಹುಡುಕುತ್ತಿರುವ ತಗ್ಗು ಅತ್ಯಲ್ಪ, ಇಷ್ಟು ಸಣ್ಣ ತಪ್ಪೂ ಅದನ್ನು ನುಂಗುತ್ತದೆ ಅಥವಾ ಇಲ್ಲದ್ದನ್ನು ತೋರಿಸುತ್ತದೆ. ಪದರವೇ ಇಲ್ಲದ, ಎಲ್ಲ ಕಡೆ ಒಂದೇ ಸಮ ಇರುವ ನೆಲ ಯಾವುದು? ನೀರು.

ತಮ್ಮ ‘ಸರಸ್ 3’ ಉಪಕರಣವನ್ನು ತೆಪ್ಪದ ಮೇಲಿಟ್ಟು, 2020ರ ಮೊದಲ ತಿಂಗಳುಗಳಲ್ಲಿ, ನಮ್ಮ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯ ನಡುವೆ ತೇಲಿಬಿಟ್ಟರು. ಆಮೇಲೆ ಶರಾವತಿ ಹಿನ್ನೀರಿನಲ್ಲೂ. ತಟ್ಟೆಯಂಥ ಲೋಹದ ಹಾಳೆ, ಅದರ ಮೇಲೆ ತಲೆಕೆಳಗಾದ ಶಂಕುವಿನಂಥ ಆಂಟೆನಾ. ಸುತ್ತ ನೀರು, ಮೇಲೆ ಹದಿನಾಲ್ಕು ನೂರು ಕೋಟಿ ವರ್ಷದಷ್ಟು ಹಳೆಯ ವಿಶ್ವ. 55ರಿಂದ 85 ಮೆಗಾಹರ್ಟ್ಸ್‌ವರೆಗಿನ ಅಳತೆಯನ್ನೆಲ್ಲ ಸೋಸಿ 2022ರ ಫೆಬ್ರುವರಿಯಲ್ಲಿ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಫಲಿತಾಂಶ ಬರೆದರು. ಎಡ್ಜಸ್ ಹೇಳಿದ ತಗ್ಗು ನಮಗೆ ಕಾಣಲಿಲ್ಲ, ಅದು ಅಲ್ಲಿಲ್ಲ ಎಂಬ ಭರವಸೆ ಶೇ 95.3. ಪ್ರಬಂಧದ ಮೊದಲ ಹೆಸರು ಸೌರಭ್ ಸಿಂಗ್. ಜೊತೆಗೆ ರವಿ ಸುಬ್ರಹ್ಮಣ್ಯನ್, ಬಿ.ಎಸ್. ಗಿರೀಶ್, ಆರ್. ಸೋಮಶೇಖರ್, ಕೆ.ಎಸ್. ಶ್ರೀವಾಣಿ, ಮಯೂರಿ ಸತ್ಯನಾರಾಯಣ ರಾವ್ ಮೊದಲಾದವರು. ಆ ಸಾಲಿನಲ್ಲಿ ಎನ್. ಉದಯಶಂಕರ್. 1990ರಲ್ಲಿ ಗೌರಿಬಿದನೂರಿನ ತಂತಿಗಳಿಂದ ಆಕಾಶದ ನಕ್ಷೆ ಬಿಡಿಸಿದವರೇ. ಮೂವತ್ತೆರಡು ವರ್ಷದ ಅಂತರದಲ್ಲಿ, ಒಂದೇ ಜಿಲ್ಲೆಯ ಒಂದು ಬಯಲು, ಒಂದು ಕೆರೆ. ಕೈಪಿಡಿಯ ಒಂದು ಸಾಲಿನ ‘ಆಸಕ್ತಿ’ಯ ಹಿಂದೆ ಇಷ್ಟು ಉದ್ದದ ಆಯುಷ್ಯ ಇರುತ್ತದೆ.

‘ಕಾಣಲಿಲ್ಲ’ ಎಂಬುದು ಫಲಿತಾಂಶವೇ ಅಂತ ಕೇಳುವವರುಂಟು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಾಂಡಿತ್ಯವಿಲ್ಲ. ಬೇರೆಯವರು ಕಂಡೆವು ಅಂದಿರುವಾಗ ತೆಪ್ಪ ಕಟ್ಟಿ ನೀರಿಗಿಳಿದು, ಅಳೆದು, ಇಲ್ಲ ಅನ್ನುವುದಕ್ಕೆ ಧೈರ್ಯ ಬೇಕು, ತಾಳ್ಮೆ ಬೇಕು. ಅದೇ ವರ್ಷದ ಕೊನೆಗೆ ಕೇಂಬ್ರಿಜ್‌ನ ಹ್ಯಾರಿ ಬೆವಿನ್ಸ್ ಮತ್ತು ಸಂಗಡಿಗರು ಇದೇ ಸರಸ್ 3ರ ಅಳತೆಗಳನ್ನು ಇಟ್ಟುಕೊಂಡು ಆದಿಯ ಗೆಲಾಕ್ಸಿಗಳು ಹೇಗಿದ್ದಿರಲಾರವು ಅಂತ ಲೆಕ್ಕ ಹಾಕಿದರು.

ಆಕಾಶದ ಮಾತಾಯಿತು, ಆದರೆ ಮಂಡಿಕಲ್ ಕಡೆಯ ಮನೆಗಳಲ್ಲಿ ಸಂಶೋಧನೆ ಅಂದರೆ ಮೊದಲು ನೆನಪಾಗುವುದು ನೊಣ. ಊಜಿ ನೊಣ. 1980ರಲ್ಲಿ ಪಶ್ಚಿಮ ಬಂಗಾಳದ ರೇಷ್ಮೆ ಗೂಡಿನ ಜೊತೆ ಕರ್ನಾಟಕಕ್ಕೆ ಬಂದ ಇದು ಶಿಡ್ಲಘಟ್ಟ, ಚಿಂತಾಮಣಿಯ ಹುಳ ಸಾಕುವವರ ಅನ್ನಕ್ಕೇ ಕೈ ಹಾಕಿತು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳದ ಮೈಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಮೊಟ್ಟೆ ಅಂಟಿರುತ್ತದೆ. ಎರಡು ಮೂರು ದಿನಕ್ಕೆ ಅದು ಒಡೆದು ಮರಿ ಹುಳದೊಳಗೆ ಇಳಿಯುತ್ತದೆ, ಇಳಿದ ಜಾಗದಲ್ಲಿ ಕಪ್ಪು ಮಚ್ಚೆ. ಮನೆಯ ಹೆಂಗಸರು ತಟ್ಟೆ ಬಗ್ಗಿಸಿ ನೋಡಿ “ಊಜಿ ಹೊಡ್ದೈತೆ” ಅಂದರೆ ಆ ಬೆಳೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಹುಳ ಗೂಡು ಕಟ್ಟಿದರೂ ಮರಿ ತೂತು ಕೊರೆದು ಹೊರಬರುತ್ತದೆ, ತೂತು ಬಿದ್ದ ಗೂಡಿನಲ್ಲಿ ನೂಲು ಬಿಚ್ಚುವುದಿಲ್ಲ.

ರೇಷ್ಮೆ ವಿಜ್ಞಾನಿಗಳು ಆ ನೊಣದ ಸಂಸಾರವನ್ನೇ ಓದಿದರು. ಗೂಡಿನಿಂದ ಬಿದ್ದ ಮರಿ ಹುಳ ಮನೆಯ ನೆಲದ ಬಿರುಕಿನಲ್ಲಿ ಸೇರಿ ಕೋಶವಾಗುತ್ತದೆ. ಅಲ್ಲೇ ಅದನ್ನು ಹಿಡಿಯಲು ‘ನಿಸೊಲಿಂಕ್ಸ್ ಥೈಮಸ್’ ಎಂಬ ಪುಟ್ಟ ಕಣಜ ಸಿಕ್ಕಿತು. ಅದು ಊಜಿಯ ಕೋಶದೊಳಗೆ ತನ್ನ ಮೊಟ್ಟೆ ಇಡುತ್ತದೆ, ಕೋಶದಿಂದ ನೊಣದ ಬದಲು ಕಣಜಗಳು ಹಾರುತ್ತವೆ. ಹುಳಕ್ಕೆ ವಿಷವಾಗುವುದರಿಂದ ಹುಳ ಮನೆಯಲ್ಲಿ ಸಾಮಾನ್ಯ ಕೀಟನಾಶಕ ಹೊಡೆಯುವಂತಿಲ್ಲ, ಹಾಗಾಗಿ ನೈಲಾನ್ ಪರದೆಯ ಜೊತೆಗೆ ಈ ಕಣಜವೂ ಕಾವಲು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಚಿಂತಾಮಣಿಯಲ್ಲಿ ರೇಷ್ಮೆಗಾಗಿಯೇ ಕಾಲೇಜು ತೆರೆದದ್ದು ಈ ಸೀಮೆಯ ಇಂಥ ತೊಂದರೆಗಳ ನಡುವೆಯೇ. ಅಲ್ಲಿ ಓದಿದವರ ಪರಿಚಯದಲ್ಲಿ ‘ಪರೋಪಜೀವಿಗಳ ಜೈವಿಕ ನಿಯಂತ್ರಣ’ ಅಂತ ಬರೆದಿದ್ದರೆ ಅದರ ಅರ್ಥ ಇಷ್ಟೇ: ಒಂದು ಹುಳ ಮನೆಯಲ್ಲಿ ಬೆಳೆ ಹೋಗುವುದನ್ನು ಕಣ್ಣಾರೆ ನೋಡಿದ್ದಾರೆ.

ಸಂಜೆ ಆ ಹುಡುಗಿಗೆ ಕೆರೆಯ ಕಥೆ ಹೇಳಿದೆ. ತೆಪ್ಪ, ಆಂಟೆನಾ, ಆಸ್ಟ್ರೇಲಿಯಾದ ಮರಳು, ಎಲ್ಲ. ಅವಳು ಕೈಪಿಡಿ ಮಡಚಿಟ್ಟು ಸುಮ್ಮನೆ ಕೇಳಿಸಿಕೊಂಡಳು. ಹಾಲು ಕರೆಯುವ ಹೊತ್ತಾಗಿ ಅವಳಮ್ಮ ಕೂಗಿದರು. ಎದ್ದು ಹೋದವಳು ಬಾಗಿಲ ಹತ್ತಿರ ನಿಂತು ತಿರುಗಿ ಕೇಳಿದಳು.

“ಬೇಸಿಗೇಲಿ ಕೆರೆ ತಗ್ಗುತ್ತಲ್ಲ, ಆಗ ಅಡಿಯ ಕೆಸರು ಹತ್ತಿರ ಬಂದುಬಿಡಲ್ವಾ? ಎಷ್ಟು ಆಳ ಇದ್ರೆ ಸಾಕು ಅಂತ ಅವರು ಹೆಂಗೆ ಲೆಕ್ಕ ಹಾಕಿದ್ರು?”